ಶ್ರವಣ ದೊರೆ ಎಷ್ಟು ದೊಡ್ಡವನು?

ಜನಪದ ಕಥೆಗಳ ಅತಿರೇಕದ ಪಾತ್ರಗಳ ಮಾತು ಬಂದಾಗಲೆಲ್ಲ ವಾದ ಒಂದು ದಿಕ್ಕಿಗೆ ಸಾಗುವುದಿಲ್ಲ. ಮುಕ್ಕೋಟಿ ದೇವರನ್ನು ಸೆರೆಯಲ್ಲಿಟ್ಟ ರಾಕ್ಷಸ, ಮೈಯೆಲ್ಲ ಕೊಳೆತು ನಾರುತ್ತ ಬರುವ ಗುರು, ವಿಷ ಕುಡಿದೂ ಸಾಯದ ಶಿಷ್ಯ: ಇವೆಲ್ಲ ಮೂಢನಂಬಿಕೆ ಎಂದು ಒಬ್ಬರು, ಮಕ್ಕಳಿಗಷ್ಟೇ ಸರಿ ಎಂದು ಇನ್ನೊಬ್ಬರು. ದೇವರ ವಿಷಯ, ಪ್ರಶ್ನೆ ಮಾಡಬಾರದು ಎನ್ನುವವರೂ ಇದ್ದಾರೆ. ಈ ನಿಲುವುಗಳು ಹುಟ್ಟಿದ್ದು ಬೇರೆ ಬೇರೆ ಕಾಲದಲ್ಲಿ. ಈಗ ಎಲ್ಲವೂ ಒಟ್ಟಿಗೆ ಕೇಳಿಸುತ್ತವೆ, ಅದಕ್ಕೇ ಗೊಂದಲ.

ಮಕ್ಕಳ ಕಥೆ ಎಂಬ ಹಣೆಪಟ್ಟಿ ಹಳೆಯದು, ಹೊರಗಿನದು. ಜರ್ಮನಿಯ ಗ್ರಿಮ್ ಸೋದರರು 1812ರಲ್ಲಿ ಮೊದಲ ಸಂಪುಟ ತಂದಾಗ ಸ್ನೋವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. 1819ರ ಆವೃತ್ತಿಗೆ ಆಕೆ ಮಲತಾಯಿಯಾದಳು. ಮನೆಮಂದಿ ಓದುವ ಪುಸ್ತಕ ಎಂದಾದ ಕೂಡಲೇ ಪಾತ್ರದ ತೀಕ್ಷ್ಣತೆಯನ್ನು ಒರೆಸುವ ಕೆಲಸ ಶುರುವಾಯಿತು. ನಮ್ಮಲ್ಲಿ 1880ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಲಾವಣಿಗಳನ್ನು ಸಂಗ್ರಹಿಸಿದಾಗ ಅವರ ಆಸಕ್ತಿ ಸಂಗೊಳ್ಳಿ ರಾಯಣ್ಣನಂಥ ಚರಿತ್ರೆಯ ವೀರರ ಮೇಲೆ. 1931ರಲ್ಲಿ ಹಲಸಂಗಿಯ ಗೆಳೆಯರು ಎಂಬ ಬಳಗದವರು ಗರತಿಯರ ತ್ರಿಪದಿಗಳನ್ನು ಅಚ್ಚು ಹಾಕಿಸಿದಾಗ ಕನ್ನಡದ ಓದುಗರು ಮನಸೋತದ್ದು ತವರು, ತಾಯಿ, ತೊಟ್ಟಿಲಿಗೆ. ರಾಕ್ಷಸರಿಗೆ ಅಲ್ಲಿ ಜಾಗವಿರಲಿಲ್ಲ. ಮೈಸೂರು ಸೀಮೆಯ ದೀರ್ಘ ಕಾವ್ಯಗಳು ಅಚ್ಚಿನಲ್ಲಿ ನಮ್ಮ ಕೈಗೆ ಬಂದದ್ದು 1960-70ರ ದಶಕಗಳಲ್ಲಿ, ಜಾನಪದ ವಿದ್ವಾಂಸ ಜೀಶಂಪ (ಜೀ.ಶಂ. ಪರಮಶಿವಯ್ಯ) ಮತ್ತು ಅವರ ಜೊತೆಯವರ ದುಡಿಮೆಯಿಂದ. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಆ ಕೆಲಸಕ್ಕೆ ವೇಗ ಬಂತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಲೆ ಮಹದೇಶ್ವರನ, ಅಂದರೆ ಮಾದಪ್ಪನ, ಕಾವ್ಯ ಪುಸ್ತಕವಾದದ್ದು ಈ ಘಟ್ಟದಲ್ಲಿ.

ಈ ಕಾವ್ಯಗಳನ್ನು ಪೂರ್ತಿ ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರುವುದಿಲ್ಲ. ಇಲ್ಲಿ ಉತ್ಪ್ರೇಕ್ಷೆ ಎಲ್ಲೆಂದರಲ್ಲಿ ಚೆಲ್ಲಿಲ್ಲ, ಲೆಕ್ಕವಿಟ್ಟು ಬಳಕೆಯಾಗಿದೆ. ಮಾದಪ್ಪನ ಕಾವ್ಯದ ರಾಕ್ಷಸ, ಬಂಕಾಪುರಿಯ ಶ್ರವಣ ದೊರೆಯನ್ನೇ ನೋಡಿ. ಅವನಿಗೆ ಹಲ್ಲೆಷ್ಟು, ಕೈಯೆಷ್ಟು ಎಂಬುದಕ್ಕಿಂತ ಅವನು ಯಾರಿಂದ ಚಾಕರಿ ಮಾಡಿಸಿಕೊಳ್ಳುತ್ತಾನೆ ಎಂಬುದರಿಂದ ಅವನ ದೊಡ್ಡತನ ಗೊತ್ತಾಗುತ್ತದೆ. ದೇವಲೋಕವೇ ಅವನ ಜೀತಕ್ಕೆ ಬಿದ್ದಿದೆ. ಜೀತವೆಂದರೇನು ಎಂದು ಬಲ್ಲ ಕೇಳುಗರಿಗೆ ಇದಕ್ಕಿಂತ ನಿಖರವಾದ ಅಳತೆ ಬೇಕಿಲ್ಲ. ಇಂಥವನನ್ನು ಮಾದಪ್ಪ ಕತ್ತಿ ಹಿಡಿದು ಕೊಲ್ಲುವುದಿಲ್ಲ. ಹರಳಯ್ಯ ಮಾಡಿಕೊಟ್ಟ ಮೆಟ್ಟುಗಳನ್ನು ತೊಡಿಸಿ ಮುಗಿಸುತ್ತಾನೆ. ದೊರೆಯನ್ನು ಅಷ್ಟು ಎತ್ತರಕ್ಕೆ ಏರಿಸಿದ್ದೇ ಚಮ್ಮಾರನೊಬ್ಬನ ಕೈಕೆಲಸದಿಂದ ಕೆಡವುವುದಕ್ಕೆ.

ಅದೇ ಸೀಮೆಯ ಇನ್ನೊಂದು ಕಾವ್ಯದಲ್ಲಿ ಗುರು ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುವ ಭಾಗ ಇದಕ್ಕೆ ತದ್ವಿರುದ್ಧ. ಅಲ್ಲಿ ಹಿಗ್ಗುವುದು ಬಲವಲ್ಲ, ಹೇಸಿಗೆ. ಮೈತುಂಬ ಹುಣ್ಣು, ಮುತ್ತಿಕೊಂಡ ನೊಣ, ಹೆಂಡದ ವಾಸನೆ. ಮಂಟೇಸ್ವಾಮಿಯ ಕಾವ್ಯ ಹಾಡುವ ನೀಲಗಾರರು ಇದನ್ನು ಒಂದೇ ಮಾತಿನಲ್ಲಿ ಮುಗಿಸುವುದಿಲ್ಲ. ತಂಬೂರಿ ಮೀಟುತ್ತ, ಗಗ್ಗರ ಅಲುಗಿಸುತ್ತ, ಕೇಳುವವರು ಮುಖ ಕಿವಿಚುವವರೆಗೂ ಬಣ್ಣಿಸುತ್ತಾರೆ. ಕಲ್ಯಾಣದ ಬಾಗಿಲಲ್ಲಿ ಅವನನ್ನು ತಡೆದ ಶರಣರಿಗೆ ಬಂದ ವಾಕರಿಕೆ ಆ ಹೊತ್ತಿಗೆ ನಮಗೂ ಬಂದಿರುತ್ತದೆ. ಸಮಾನತೆಯ ಪಟ್ಟಣದಲ್ಲೂ ಒಂದು ಮೈ ಹೊರಗೆ ನಿಲ್ಲಬೇಕಾಯಿತು ಎಂಬುದನ್ನು ಹೀಗಲ್ಲದೆ ಬೇರೆ ಹೇಗೆ ಹೇಳಲು ಸಾಧ್ಯ? ಮಾದಪ್ಪನ ಕಾವ್ಯದ ಒಂದು ಭಾಗವಾದ ಸಂಕಮ್ಮನ ಸಾಲಿನಲ್ಲಿ ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ಹೆಂಡತಿಯ ಮೇಲೆ ಹೊರಿಸುವ ಸಂಶಯ, ಕೊಡುವ ಹಿಂಸೆಯೂ ಇಂಥದ್ದೇ. ಅಷ್ಟು ಕ್ರೂರಿ ಇರುತ್ತಾನೆಯೇ ಎಂದು ಕೇಳುವವರು ಆ ಸಾಲು ನಡೆಯುವಾಗ ಕಣ್ಣೊರೆಸಿಕೊಳ್ಳುವ ಹೆಂಗಸರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ ಅತಿರೇಕಕ್ಕೆ ಇನ್ನೊಂದು ಕಾರಣವನ್ನು 1982ರಲ್ಲಿ ವಾಲ್ಟರ್ ಆಂಗ್ ಎಂಬ ವಿದ್ವಾಂಸ ವಿವರಿಸಿದ. ಬರಹವಿಲ್ಲದ ಸಮಾಜದಲ್ಲಿ ನೆನಪೇ ಗ್ರಂಥಾಲಯ. ಸಾಧಾರಣ ಮನುಷ್ಯ ನೆನಪಿನಲ್ಲಿ ನಿಲ್ಲುವುದಿಲ್ಲ; ಒಂಟಿಕಣ್ಣಿನ ದೈತ್ಯ ನಿಲ್ಲುತ್ತಾನೆ. ರಾತ್ರಿಯಿಡೀ ಪುಸ್ತಕವಿಲ್ಲದೆ ಹಾಡುವವನಿಗೆ ಪಾತ್ರದ ಅತಿರೇಕವೇ ದಾರಿಗುರುತು. ಮಾದಪ್ಪನ ಕಾವ್ಯ ಹಾಡುವ ನಮ್ಮ ದೇವರಗುಡ್ಡರಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಆದರೆ ನೆನಪಿನ ಅನುಕೂಲ ಎಂದಷ್ಟೇ ಹೇಳಿ ಬಿಟ್ಟರೆ ಶ್ರವಣನ ಜೀತ, ಮಂಟೇಸ್ವಾಮಿಯ ಹುಣ್ಣು ಎರಡೂ ಬರೀ ಗುರುತಿನ ಕಲ್ಲುಗಳಾಗಿ ಹೋಗುತ್ತವೆ. ಅದು ಸಾಲದು.

ಕಳೆದ ಕೆಲವು ದಶಕಗಳಲ್ಲಿ ಈ ಪಾತ್ರಗಳು ಎರಡು ಕಡೆಯ ಎಳೆದಾಟಕ್ಕೆ ಸಿಕ್ಕಿವೆ. ಒಂದು ಕಡೆ ಅವು ದೃಶ್ಯವಾಗುತ್ತಿವೆ: ಧಾರಾವಾಹಿ, ಧ್ವನಿಸುರುಳಿಯ ಹೊದಿಕೆ, 2023ರಲ್ಲಿ ಮಲೆ ಮಹದೇಶ್ವರ ಬೆಟ್ಟದ ಮೇಲೆ ಅನಾವರಣಗೊಂಡ 108 ಅಡಿಯ ಮಾದಪ್ಪನ ಪ್ರತಿಮೆ. ಭಕ್ತರ ಸಂತೋಷ ನಿಜವಾದದ್ದು, ಅದನ್ನು ಅಲ್ಲಗಳೆಯುವ ಮಾತೇ ಇಲ್ಲ. ಆದರೆ ಹಾಡಿನೊಳಗಿನ ಮಾದಪ್ಪ ಹಸುಳೆಯಾಗುತ್ತಾನೆ, ಭಿಕ್ಷುಕನಾಗುತ್ತಾನೆ, ಮರುಗಳಿಗೆಗೆ ಎಪ್ಪತ್ತೇಳು ಮಲೆಯ ಒಡೆಯನಾಗುತ್ತಾನೆ. ಅಡಿಗಳಲ್ಲಿ ಹೇಳುವ ಎತ್ತರ ಆ ಓಡಾಟವನ್ನು ಹಿಡಿಯಲಾರದು.

ಇನ್ನೊಂದು ಕಡೆ ಹೊತ್ತು ಕುಗ್ಗುತ್ತಿದೆ. ಇಡೀ ರಾತ್ರಿಯ ಕಥೆಗೆ ಉತ್ಸವದ ವೇದಿಕೆಯಲ್ಲಿ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಏನನ್ನು ಬಿಡುವುದು? ಮೊದಲು ಹೋಗುವುದು ವರ್ಣನೆ. ರಾಕ್ಷಸ ಬಂದ, ಸತ್ತ ಎಂದಷ್ಟೇ ಆದಾಗ ಕೇಳಿದವರಿಗೆ ಅದು ಮಕ್ಕಳ ಕಥೆಯಂತೆ ಕಂಡರೆ ಅವರದ್ದೇನು ತಪ್ಪು? ಮಾದಪ್ಪನ ಗುಡ್ಡರು ಕಂಚಿನ ತಾಳ ಬೀಸುತ್ತ ಕುಣಿಯುವ ಬೀಸು ಕಂಸಾಳೆ ಇಂದು ನಾಡಿನಾಚೆಗೂ ಹೆಸರು ಮಾಡಿದೆ. ಆ ಮೈಮಾಟ, ಆ ತಾಳ ಅದ್ಭುತ. ಆದರೆ ಹತ್ತು ನಿಮಿಷದ ಆ ಪ್ರದರ್ಶನದಲ್ಲಿ ಶ್ರವಣ ದೊರೆ ಬರುವುದೇ ಇಲ್ಲ, ಅವನ ಕಾಲಿಗೆ ಮೆಟ್ಟು ಮಾಡಿದ ಹರಳಯ್ಯನೂ ಬರುವುದಿಲ್ಲ.