ಹತ್ತಿದ್ದಕ್ಕೆ ಸುಸ್ತು, ಇಳಿದದ್ದಕ್ಕೆ ನೋವು

ಕುಮಾರಪರ್ವತಕ್ಕೆ ಹೋಗಿ ಬಂದವರನ್ನು ಅವತ್ತೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಭಾನುವಾರ ಸಂಜೆ ಕುಕ್ಕೆಯಲ್ಲಿ ಕಾಫಿ ಕುಡಿದು, ರಾತ್ರಿ ಬಸ್ಸು ಹತ್ತಿ, ಹೇಗೋ ಮನೆ ಸೇರಿರುತ್ತಾರೆ. ಅವರನ್ನು ಮಂಗಳವಾರ ನೋಡಬೇಕು. ಆಫೀಸಿನ ಮೆಟ್ಟಿಲನ್ನು ಕಂಬಿ ಹಿಡಿದು, ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿರುತ್ತಾರೆ. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಇದ್ದರಂತೂ ದೇವರೇ ಗತಿ.

ನನಗೂ ಹೀಗೇ ಆಗಿತ್ತು. ಆಗ ಮೂರು ಜನ ಮೂರು ಕಾರಣ ಹೇಳಿದರು. ನಾಗರ ಜಾಗ, ಬೂಟು ಹಾಕಿಕೊಂಡು ತುಳಿದಿದ್ದಕ್ಕೆ ಹೀಗಾಗಿದೆ ಅಂದರು ಒಬ್ಬರು. ಅಜ್ಜಿ "ವಾಯು ಹಿಡಿದಿದೆ, ಎಣ್ಣೆ ಹಚ್ಚು" ಅಂದಳು. ಆಫೀಸಿನ ಗೆಳೆಯ ಮಾತ್ರ ತಜ್ಞನ ಮುಖ ಮಾಡಿಕೊಂಡು "ಲ್ಯಾಕ್ಟಿಕ್ ಆಸಿಡ್ ಕಣಯ್ಯಾ, ಮಸಾಜ್ ಮಾಡಿಸು, ಕರಗಿ ಹೋಗುತ್ತೆ" ಅಂದ.

ಮೂರೂ ತಪ್ಪು. ಆದರೆ ಮೊದಲ ಎರಡಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ಮೂರನೆಯದು ಬಿಳಿ ಕೋಟು ತೊಟ್ಟ ಮೂಢನಂಬಿಕೆ. ಜಿಮ್ಮಿನವರೂ ಹೇಳುತ್ತಾರೆ, ಪಿ.ಟಿ. ಮೇಷ್ಟ್ರೂ ಹೇಳುತ್ತಾರೆ, ಓದಿದವರೂ ನಂಬುತ್ತಾರೆ.

ಈ ಆಮ್ಲದ ಕಥೆ ಹಳೆಯದು. 1780ರಲ್ಲಿ ಶೀಲೆ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಹುಳಿ ಹಾಲಿನಿಂದ ಬೇರ್ಪಡಿಸಿದ. ನಮ್ಮ ಮಜ್ಜಿಗೆಯ ಹುಳಿಯೂ ಅದೇ. 1807ರಲ್ಲಿ ಬರ್ಜೀಲಿಯಸ್ ಅದನ್ನು ಪ್ರಾಣಿಗಳ ಸ್ನಾಯುವಿನಲ್ಲಿ ಕಂಡ. ಮುಂದೆ ಸ್ನಾಯುವಿಗೂ ಈ ಆಮ್ಲಕ್ಕೂ ಇರುವ ಸಂಬಂಧ ಬಿಡಿಸಿದ ಮೈಯರ್‌ಹಾಫ್‌ಗೂ, ಸ್ನಾಯುವಿನಲ್ಲಿ ಹುಟ್ಟುವ ಶಾಖವನ್ನು ಅಳೆದ ಹಿಲ್‌ಗೂ 1922ರ ನೊಬೆಲ್ ಸಿಕ್ಕಿತು. ನೊಬೆಲ್‌ವರೆಗೆ ಹೋದ ವಸ್ತು ಅಲ್ವಾ, ಕಾಲು ನೋವಿನ ಆರೋಪವನ್ನೂ ಜನ ಅದರ ತಲೆಗೇ ಕಟ್ಟಿದರು.

ಈ ಆರೋಪ ನಿಲ್ಲುವುದಿಲ್ಲ. ಜೋರಾಗಿ ಓಡಿದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ (ಮೈಯೊಳಗೆ ಈ ಆಮ್ಲ ಇರುವ ರೂಪ), ಓಟ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ಮಾಮೂಲಿ ಮಟ್ಟಕ್ಕೆ ಬಂದುಬಿಡುತ್ತದೆ. ಅದೇನು ಕಸವೂ ಅಲ್ಲ. ಹೃದಯ ಅದನ್ನು ಉರುವಲಾಗಿ ಸುಟ್ಟುಕೊಳ್ಳುತ್ತದೆ. ನೋವು ಶುರುವಾಗುವುದು ಮಾರನೇ ದಿನ, ಜೋರಾಗುವುದು ಅದರ ಮಾರನೇ ದಿನ. ಭಾನುವಾರವೇ ಊರು ಬಿಟ್ಟವನ ಮೇಲೆ ಮಂಗಳವಾರದ ಕಳ್ಳತನ ಹೊರಿಸಿದ ಹಾಗಾಯಿತು.

1983ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಕೆಲವರನ್ನು ಟ್ರೆಡ್‌ಮಿಲ್ ಮೇಲೆ ಸಮತಟ್ಟಾಗಿ ಓಡಿಸಿದರು, ಇನ್ನು ಕೆಲವರನ್ನು ಇಳಿಜಾರಿನಲ್ಲಿ. ಸಮತಟ್ಟಿನವರಿಗೆ ಲ್ಯಾಕ್ಟೇಟ್ ಏರಿತು, ಆಮೇಲೆ ನೋವು ಬರಲಿಲ್ಲ. ಇಳಿಜಾರಿನವರಿಗೆ ಲ್ಯಾಕ್ಟೇಟ್ ಏರಲೇ ಇಲ್ಲ, ನೋವು ಮಾತ್ರ ಬಂತು.

ಇಳಿಜಾರಿನಲ್ಲಿ ಅಂಥದ್ದೇನಿದೆ? ಹತ್ತುವಾಗ ಏದುಸಿರು, ಬೆವರು, ಎದೆ ಡವಡವ. ಇಳಿಯುವಾಗ ಹರಟೆ ಹೊಡೆಯುತ್ತಾ ಬರುತ್ತೇವೆ. ಆದರೂ ನೋವು ಕೊಡುವುದು ಇಳಿದದ್ದೇ.

ಬಾವಿಯಿಂದ ನೀರು ಸೇದಿದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ತುಂಬಿದ ಕೊಡ ಮೇಲೆಳೆಯುವುದು ಒಂದು ಬಗೆಯ ಕೆಲಸ. ಅದೇ ತುಂಬಿದ ಕೊಡವನ್ನು ಧಡ್ ಅಂತ ಬೀಳದ ಹಾಗೆ ನಿಧಾನವಾಗಿ ಕೆಳಗೆ ಬಿಡಿ ನೋಡೋಣ. ನೀವು ಎಳೆಯುತ್ತಲೇ ಇದ್ದೀರಿ, ಹಗ್ಗ ಮಾತ್ರ ಕೆಳಗೆ ಹೋಗುತ್ತಿದೆ. ಎಳೆದಾಗ ಬಾರದ ಬೊಬ್ಬೆ ಅಂಗೈಗೆ ಬರುವುದು ಹೀಗೆ ಬಿಡುವಾಗ. ಅಥವಾ ಚಾರ್ಮಾಡಿ ಘಾಟಿ ಇಳಿಯುವ ಲಾರಿ ನೆನಪಿಸಿಕೊಳ್ಳಿ. ಅನುಭವಿ ಡ್ರೈವರ್ ಸಣ್ಣ ಗೇರಿಗೆ ಹಾಕಿ ಇಂಜಿನ್ ಮೇಲೇ ಗಾಡಿ ಹಿಡಿಯುತ್ತಾನೆ. ಹೊಸಬ ಬ್ರೇಕ್ ತುಳಿದೇ ಇಳಿಸುತ್ತಾನೆ, ಮೂರನೇ ತಿರುವಿಗೆ ಲೈನರ್ ಸುಟ್ಟ ವಾಸನೆ.

ಬೆಟ್ಟ ಇಳಿಯುವಾಗ ನಮ್ಮ ತೊಡೆಯ ಮುಂಭಾಗದ ಸ್ನಾಯುವೇ ಆ ಲೈನರ್. ಪ್ರತಿ ಹೆಜ್ಜೆಗೂ ಮಂಡಿ ಮಡಚುತ್ತದೆ. ಸ್ನಾಯು ಕುಗ್ಗಲು ನೋಡುತ್ತದೆ, ಮೈಭಾರ ಅದನ್ನು ಹಿಗ್ಗಿಸುತ್ತದೆ. ಬಿಗಿ ಹಿಡಿದುಕೊಂಡೇ ಉದ್ದವಾಗುವ ಕೆಲಸ ಇದು.

ಸ್ವಲ್ಪ ಲೆಕ್ಕ ಹಾಕೋಣ. ಕುಮಾರಪರ್ವತದ ಎತ್ತರ 1712 ಮೀಟರ್. ಕುಕ್ಕೆಗೆ ಇಳಿದು ಬಂದರೆ 1500 ಮೀಟರ್‌ಗೂ ಜಾಸ್ತಿ ಇಳಿದ ಹಾಗೆ. 70 ಕೆ.ಜಿ. ತೂಕದವರು 1500 ಮೀಟರ್ ಇಳಿದರೆ ಸುಮಾರು 10 ಲಕ್ಷ ಜೂಲ್ ಶಕ್ತಿಯನ್ನು ಎಲ್ಲಾದರೂ ಕಳೆಯಬೇಕು. ಮೂರು ಲೀಟರ್ ತಣ್ಣೀರನ್ನು ಕುದಿ ಬರಿಸಲು ಹೆಚ್ಚೂಕಡಿಮೆ ಅಷ್ಟೇ ಶಕ್ತಿ ಸಾಕು. ಅದರ ಬಹುಪಾಲು ಕಾಲಿನ ಸ್ನಾಯುಗಳಲ್ಲೇ ಶಾಖವಾಗಿ ಕಳೆಯಬೇಕು.

ಸೈಕಲ್ಲಿನವರಿಗೆ ಈ ಕಷ್ಟ ಇಲ್ಲ. ಮೈಸೂರಿನ ನನ್ನ ಭಾವ ಭಾನುವಾರ ಭಾನುವಾರ ಚಾಮುಂಡಿ ಬೆಟ್ಟಕ್ಕೆ ಸೈಕಲ್ ತುಳಿಯುತ್ತಾರೆ. ಹತ್ತುವಾಗ ಅವರ ಏದುಸಿರು ನನಗಿಂತ ಜೋರು. ಆಮ್ಲದ ಮಾತು ನಿಜವಾಗಿದ್ದರೆ ಅವರು ಸೋಮವಾರ ಹಾಸಿಗೆ ಬಿಟ್ಟು ಏಳಬಾರದು. ಆದರೆ ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಇಳಿಯುವಾಗ ಅವರ ಕಾಲಿಗೆ ಕೆಲಸವೇ ಇಲ್ಲವಲ್ಲ. ಬ್ರೇಕ್ ಶೂ ಮತ್ತು ರಿಮ್ ಬಿಸಿಯಾಗುತ್ತವೆ, ಉಳಿದದ್ದನ್ನು ಎದುರುಗಾಳಿ ನುಂಗುತ್ತದೆ. ಅದೇ ಬೆಟ್ಟದ 1008 ಮೆಟ್ಟಿಲನ್ನು ನಡೆದು ಇಳಿದವರನ್ನು ಕೇಳಿ, ಬೇರೆಯೇ ಕಥೆ ಹೇಳುತ್ತಾರೆ. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಮೆಟ್ಟಿಲು ಅವು. ಹತ್ತಿ ದರ್ಶನ ಮಾಡಿ ಬಸ್ಸಿನಲ್ಲಿ ಇಳಿಯುವವರನ್ನು ನಾನು ಮೊದಲು ಸೋಮಾರಿಗಳು ಅಂದುಕೊಂಡಿದ್ದೆ. ಈಗ ಜಾಣರು ಅನ್ನಿಸುತ್ತದೆ.

ಸೈಕಲ್ಲಿಗೆ ಈ ಸುಖ ಕೊಟ್ಟದ್ದು ಫ್ರೀವೀಲ್, ತುಳಿಯುವುದು ನಿಲ್ಲಿಸಿದಾಗ ಟಿಕ್ ಟಿಕ್ ಅನ್ನುತ್ತದಲ್ಲ, ಅದು. ಹಿಂದೆ ಅದಿರಲಿಲ್ಲ. ದೊಡ್ಡ ಮುಂಗಾಲಿಯ ಹಳೆಯ ಸೈಕಲ್ಲುಗಳಲ್ಲಿ ಪೆಡಲ್ ನೇರ ಗಾಲಿಗೇ ಅಂಟಿಕೊಂಡಿತ್ತು. ಗಾಲಿ ತಿರುಗಿದರೆ ಪೆಡಲೂ ತಿರುಗಲೇಬೇಕು. ಇಳಿಜಾರು ಬಂದಾಗ ಕೆಲವರು ಎರಡೂ ಕಾಲು ಎತ್ತಿ ಹ್ಯಾಂಡಲ್ ಮೇಲೆ ಹಾಕಿಕೊಂಡು ದೇವರ ಮೇಲೆ ಭಾರ ಹಾಕುತ್ತಿದ್ದರು. ಬೇಡ ಅಂದವರು ಪೆಡಲನ್ನು ಒತ್ತಿ ಹಿಡಿದು ಕಾಲಿನಲ್ಲೇ ಬ್ರೇಕ್ ಹಾಕಬೇಕಿತ್ತು.

ಆ ಕಾಲಿನ ಬ್ರೇಕನ್ನೇ ಇಟ್ಟುಕೊಂಡು 1952ರಲ್ಲಿ ಬ್ರಿಟನ್ನಿನಲ್ಲಿ ಅಬಟ್, ಬಿಗ್ಲೆಂಡ್, ರಿಚಿ ಎಂಬ ಮೂವರು ಒಂದು ಪ್ರಯೋಗ ಮಾಡಿದರು. ಸ್ನಾಯುವಿನ ಬಗ್ಗೆ ನಡೆದಿರುವ ಪ್ರಯೋಗಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಹಾಕಿ ನಿಲ್ಲಿಸಿ ಚೈನಿನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯುತ್ತಾರೆ. ಆಗ ಇನ್ನೊಬ್ಬರ ಪೆಡಲ್ ಹಿಂದಕ್ಕೆ ತಿರುಗುತ್ತದೆ, ಅವರು ಅದನ್ನು ತಡೆಯಬೇಕು. ಇಬ್ಬರ ಕಾಲಿನ ಬಲವೂ ಒಂದೇ, ವೇಗವೂ ಒಂದೇ. ಒಂದು ಕಾಲು ಹತ್ತುತ್ತಿದೆ, ಇನ್ನೊಂದು ಇಳಿಯುತ್ತಿದೆ ಅನ್ನಿ. ಉಸಿರು ಅಳೆದು ನೋಡಿದರೆ, ತಡೆಯುವವರು ತುಳಿಯುವವರಿಗಿಂತ ಎಷ್ಟೋ ಪಟ್ಟು ಕಡಿಮೆ ಆಮ್ಲಜನಕ ಬಳಸುತ್ತಿದ್ದರು. ಇದನ್ನು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಮಾಡಿ ತೋರಿಸಿದಾಗ, ಸಣ್ಣ ಮೈಕಟ್ಟಿನ ಮಹಿಳೆಯೊಬ್ಬರು ಆರಾಮಾಗಿ ಕೂತು ಪೆಡಲ್ ತಡೆದರಂತೆ. ಎದುರಿದ್ದ ಗಟ್ಟಿ ಆಳು ಬೆವರಿಳಿಸಿ ಸುಸ್ತಾದನಂತೆ. ಸಭೆ ನಕ್ಕಿತು.

ಹೀಗೇಕೆ? ಸ್ನಾಯು ಅಂದರೆ ಎಳೆಗಳ ಕಟ್ಟು. ಒಂದೊಂದು ಎಳೆಯೊಳಗೂ ಎರಡು ಬಗೆಯ ಇನ್ನೂ ಸಣ್ಣ ತಂತುಗಳಿವೆ. ಒಂದರ ಮೇಲಿನ ಪುಟ್ಟ ಕೊಕ್ಕೆಗಳು ಇನ್ನೊಂದನ್ನು ಹಿಡಿದು ಎಳೆಯುತ್ತವೆ. ಹಗ್ಗಜಗ್ಗಾಟದವರ ಕೈಗಳ ಹಾಗೆ, ಹಿಡಿ, ಎಳೆ, ಬಿಡು. ಪ್ರತಿ ಸಲ ಬಿಡಿಸಿಕೊಳ್ಳಲು ಒಂದಿಷ್ಟು ಇಂಧನ ಬೇಕು. ಸ್ನಾಯು ಹಿಗ್ಗುವಾಗ ಹಾಗಲ್ಲ. ಹಿಡಿದ ಕೊಕ್ಕೆಯನ್ನು ಮೈಭಾರವೇ ಕಿತ್ತುಬಿಡುತ್ತದೆ, ಚಪ್ಪಲಿಯ ವೆಲ್ಕ್ರೋ ಪಟ್ಟಿ ಪರ್ ಅಂತ ಕಿತ್ತ ಹಾಗೆ. ಇಂಧನದ ಖರ್ಚು ಕಡಿಮೆ, ಹಿಡಿತ ಮಾತ್ರ ಜಾಸ್ತಿ. ಅದೇ ತೂಕಕ್ಕೆ ಹತ್ತುವಾಗ ಬೇಕಾದಷ್ಟು ಎಳೆಗಳು ಇಳಿಯುವಾಗ ಬೇಡ. ಹಾಗಾಗಿ ಮೆದುಳು ಕಡಿಮೆ ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ.

ಉಳಿತಾಯವೇ ಇಲ್ಲಿ ಎಡವಟ್ಟು ಮಾಡುವುದು. ಹತ್ತು ಜನ ಹೊರುವ ತೊಲೆಯನ್ನು ನಾಲ್ವರು ಹೊತ್ತರೆ ಕೂಲಿ ಉಳಿಯುತ್ತದೆ, ಹೆಗಲು ಉಳಿಯುವುದಿಲ್ಲ. ಒಂದೊಂದು ಎಳೆಯೂ ಸಾಲಾಗಿ ಪೋಣಿಸಿದ ಚಿಕ್ಕ ಚಿಕ್ಕ ತುಂಡುಗಳಿಂದ ಆಗಿದೆ, ಒಂದು ಮಿಲಿಮೀಟರಿನಲ್ಲಿ ಸುಮಾರು 400. ಇವೆಲ್ಲ ಒಂದೇ ಸಮ ಗಟ್ಟಿ ಇರುವುದಿಲ್ಲ. ಹಳೆ ಪೈಜಾಮದ ಎಲಾಸ್ಟಿಕ್ ಎಳೆದರೆ ಎಲ್ಲ ಕಡೆ ಸಮನಾಗಿ ಹಿಗ್ಗುವುದಿಲ್ಲ, ಸೋತ ಜಾಗ ಮಾತ್ರ ಜೋಲುತ್ತದೆ ಅಲ್ವಾ, ಹಾಗೇ ಸೋತ ತುಂಡುಗಳು ಮಿತಿ ಮೀರಿ ಹಿಗ್ಗಿ ಕೆಡುತ್ತವೆ. ಸಾವಿರಾರು ಹೆಜ್ಜೆ ಇಳಿಯುವಷ್ಟರಲ್ಲಿ ಸಣ್ಣ ಸಣ್ಣ ಗಾಯ ಸೇರಿಕೊಳ್ಳುತ್ತವೆ. ಗಾಯಕ್ಕೆ ಊತ ಬರುತ್ತದೆ, ರಿಪೇರಿಯ ಜೀವಕೋಶಗಳು ಬರುತ್ತವೆ, ಸುತ್ತಲಿನ ನರಗಳು ಸೂಕ್ಷ್ಮವಾಗುತ್ತವೆ. ಇದಕ್ಕೆಲ್ಲ ಒಂದೆರಡು ದಿನ ಬೇಕು. ಮಂಗಳವಾರದ ಗುಟ್ಟು ಇದೇ. ಇಂಥ ತಡವಾದ ನೋವು ಸ್ನಾಯುವಿನೊಳಗಿನ ಹರುಕಿನಿಂದ ಇರಬೇಕು ಎಂದು ಥಿಯೋಡರ್ ಹಫ್ 1902ರಲ್ಲೇ ಬರೆದಿದ್ದ. ನಮ್ಮ ಜಿಮ್ಮಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಮಸಾಜ್ ಮಾಡಿಸಬಾರದು ಅಂತಲ್ಲ. ಹಿತವಾಗಿರುತ್ತದೆ, ಮಾಡಿಸಿ. ಅಜ್ಜಿಯ ಎಣ್ಣೆಯೂ ಇರಲಿ. ಆಮ್ಲ ಕರಗಿತು ಅಂತ ಮಾತ್ರ ಹೇಳಬೇಡಿ. ಒಂದು ಎಚ್ಚರ: ನೋವಿನ ಜೊತೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸುಮ್ನೆ ಕೂರಬೇಡಿ, ಡಾಕ್ಟರ್ ಹತ್ತಿರ ಓಡಿ. ಸ್ನಾಯು ತೀರಾ ಕೆಟ್ಟು, ಅದರ ಚೂರುಪಾರು ಮೂತ್ರಪಿಂಡಕ್ಕೆ ಹೊರೆಯಾಗುತ್ತಿದೆ ಎಂಬ ಸೂಚನೆ ಅದು.

ಒಮ್ಮೆ ಹೀಗೆ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟಿಗೆ ಅಷ್ಟು ಜಗ್ಗುವುದಿಲ್ಲ. ದಿನಾ ಗುಡ್ಡ ಹತ್ತಿಳಿಯುವ ಮಲೆನಾಡಿನವರು ನಮ್ಮನ್ನು ನೋಡಿ ನಗುವುದು ಸುಮ್ನೆ ಅಲ್ಲ. ಹಾಗಾಗಿ ಚಾರಣಕ್ಕೆ ಹತ್ತು ದಿನ ಮೊದಲು ಹತ್ತುವುದನ್ನಲ್ಲ, ಇಳಿಯುವುದನ್ನು ಅಭ್ಯಾಸ ಮಾಡಬೇಕು. ಈಗ ನಾನು ಲಿಫ್ಟಿನಲ್ಲಿ ಎಂಟನೇ ಮಹಡಿಗೆ ಹೋಗಿ, ಮೆಟ್ಟಿಲಲ್ಲಿ ಇಳಿದು, ಮತ್ತೆ ಲಿಫ್ಟ್ ಹತ್ತುತ್ತೇನೆ. ನಾಲ್ಕು ಸಲ ಆದ ಮೇಲೆ ನಮ್ಮ ವಾಚ್‌ಮನ್ ಕೇಳಿಯೇಬಿಟ್ಟ: "ಸಾರ್, ಏನಾದ್ರೂ ಕಳ್ಕೊಂಡಿದ್ದೀರಾ?"