ಕರುಳು ಕೆಟ್ಟರೆ ಕೋಳಿಯ ಕಾಲೂ ಕೆಡುತ್ತದೆ

ಕೋಳಿ ಶೆಡ್ಡಿಗೆ ಹೋದಾಗ ನಾನು ಮೊದಲು ನೋಡುವುದು ನೆಲವನ್ನು. ಆಮೇಲೆ ಅಲ್ಲಲ್ಲಿ ಕೆಲವು ಕೋಳಿ ಹಿಡಿದು ಅಂಗಾಲು ತಿರುಗಿಸಿ ನೋಡುತ್ತೇನೆ. ತೂಕ, ಎಫ್‌ಸಿಆರ್ (ಒಂದು ಕೆಜಿ ತೂಕ ಬರಲು ತಿಂದ ಫೀಡಿನ ಲೆಕ್ಕ), ಸಾವಿನ ಲೆಕ್ಕ ಎಲ್ಲ ಅದಾದ ಮೇಲೆ. ಅಂಗಾಲಿನಲ್ಲಿ ಕಪ್ಪು ಗಾಯ ಇರುವ ಕೋಳಿಗೆ ನಿಂತರೂ ನೋವು, ನಡೆದರೂ ನೋವು. ಫೀಡರ್ ಹತ್ತಿರ ಹೋಗುವುದನ್ನೇ ಅದು ಕಡಿಮೆ ಮಾಡುತ್ತದೆ. ಆದರೆ ಆ ಗಾಯದ ಮೂಲ ಎಷ್ಟೋ ಸಲ ಕಾಲಿನಲ್ಲಿ ಇರುವುದಿಲ್ಲ, ಕರುಳಿನಲ್ಲಿ ಇರುತ್ತದೆ.

ಕರುಳು ಸರಿಯಾಗಿ ಕೆಲಸ ಮಾಡದಿದ್ದರೆ ಹಿಕ್ಕೆ ನೀರಾಗುತ್ತದೆ. ಕೆಳಗೆ ಹಾಸಿದ ಭತ್ತದ ಹೊಟ್ಟು, ಅಂದರೆ ಲಿಟರ್, ಒದ್ದೆಯಾಗಿ ಹೆಪ್ಪುಗಟ್ಟುತ್ತದೆ. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಆ ಒದ್ದೆ ಲಿಟರಿನ ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡುತ್ತವೆ. ತೇವ ಮತ್ತು ಹಿಕ್ಕೆ ಸೇರಿ ಅಂಗಾಲಿನ ಚರ್ಮ ಕೊಳೆಸುತ್ತವೆ. ಅಮೋನಿಯಾ ಕಣ್ಣು ಉರಿಸುತ್ತದೆ, ಶ್ವಾಸನಾಳದ ಒಳಗಿನ ಸಣ್ಣ ರೋಮಗಳನ್ನು ಹಾಳುಮಾಡುತ್ತದೆ. ಅಲ್ಲಿಂದ ಇ. ಕೋಲೈ ಎಂಬ ರೋಗದ ಬ್ಯಾಕ್ಟೀರಿಯಾಗೆ ದಾರಿ ಸುಲಭ. ಯುರೋಪಿನಲ್ಲಿ ಬ್ರಾಯ್ಲರುಗಳನ್ನು ಒತ್ತಾಗಿ ಸಾಕಬೇಕಾದರೆ ಕೋಳಿಯ ತಲೆಯ ಮಟ್ಟದಲ್ಲಿ ಅಮೋನಿಯಾ 20 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 20 ಭಾಗ) ದಾಟಬಾರದು ಎಂಬ ಕಾನೂನೇ ಇದೆ. ನಮ್ಮ ಶೆಡ್ಡುಗಳಲ್ಲಿ ಮೀಟರ್ ಇಲ್ಲದಿದ್ದರೆ ಬೇಡ. ಬೆಳಿಗ್ಗೆ ಪರದೆ ಎತ್ತುವ ಮೊದಲು ಒಳಗೆ ಹೋಗಿ ಮೊಣಕಾಲೂರಿ ಕೂತುಕೊಳ್ಳಿ. ನಿಮ್ಮ ಕಣ್ಣಲ್ಲಿ ನೀರು ಬಂದರೆ, ಕೋಳಿ ಇಡೀ ರಾತ್ರಿ ಅದೇ ಗಾಳಿಯಲ್ಲಿ ಮಲಗಿತ್ತು ಅಂತ ಅರ್ಥ.

“ಡಾಕ್ಟ್ರೇ, ಯಾವ ಪ್ರೋಬಯಾಟಿಕ್ ಒಳ್ಳೇದು?” ಅಂತ, ಅಂದರೆ ಕರುಳಿಗೆ ಕೊಡುವ ಒಳ್ಳೆಯ ಬ್ಯಾಕ್ಟೀರಿಯಾದಲ್ಲಿ ಯಾವುದು ಅಂತ, ಫೋನ್ ಮಾಡುವವರಿಗೆ ನಾನು ತಿರುಗಿ ಕೇಳುವುದು ಇದನ್ನೇ: ಲಿಟರ್ ಹೇಗಿದೆ, ಹಿಕ್ಕೆ ಹೇಗಿದೆ, ಮೆಕ್ಕೆಜೋಳ ಎಲ್ಲಿಂದ ಬಂತು? ಫೀಡಿಗೆ ಬೆರೆಸುವ ಒಂದೊಂದು ಅಡಿಟಿವ್ ಕೂಡ ಕರುಳಿನ ಒಂದು ಜಾಗದಲ್ಲಿ ಒಂದು ಕೆಲಸ ಮಾಡುತ್ತದೆ. ತೊಂದರೆ ಎಲ್ಲಿದೆ ಅಂತ ಗೊತ್ತಿಲ್ಲದೆ ಸುಮ್ನೆ ನಾಲ್ಕು ಪೊಟ್ಟಣ ಸುರಿದರೆ ದುಡ್ಡು ಹೋಗುತ್ತದೆ, ಕೋಳಿಗೆ ಏನೂ ಸಿಗುವುದಿಲ್ಲ.

ಪ್ರೋಬಯಾಟಿಕ್ ಯಾಕೆ ಬೇಕು ಅಂತ ತಿಳಿಯಲು ಹಿತ್ತಲಿನ ನಾಟಿ ಕೋಳಿಯನ್ನು ನೋಡಬೇಕು. ಅದರ ಮರಿ ಮೊಟ್ಟೆ ಒಡೆದು ಬಂದ ದಿನದಿಂದಲೇ ತಾಯಿಯ ಹಿಕ್ಕೆ ಬಿದ್ದ ಮಣ್ಣನ್ನು ಕೆದಕುತ್ತದೆ. ಹಾಗೆ ದೊಡ್ಡ ಕೋಳಿಯ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಮರಿಗೆ ಸೇರುತ್ತದೆ. ಹ್ಯಾಚರಿಯ ಮರಿ ತಾಯಿಯ ಮುಖವನ್ನೇ ನೋಡಿರುವುದಿಲ್ಲ. ಅದರ ಕರುಳು ಹೆಚ್ಚುಕಡಿಮೆ ಖಾಲಿ ಜಾಗ. ಟ್ರೇ, ಬಾಕ್ಸ್, ಗಾಡಿ, ಶೆಡ್ಡು, ಇವುಗಳಲ್ಲಿ ಮೊದಲು ಯಾವ ಬ್ಯಾಕ್ಟೀರಿಯಾ ಸಿಕ್ಕಿತೋ ಅದು ಅಲ್ಲಿ ಮನೆ ಮಾಡುತ್ತದೆ. ಫಿನ್ಲೆಂಡಿನಲ್ಲಿ 1970ರ ದಶಕದ ಆರಂಭದಲ್ಲಿ ಕೋಳಿ ಫಾರಂಗಳಲ್ಲಿ ಸಾಲ್ಮೊನೆಲ್ಲಾ ಎಂಬ ರೋಗದ ಬ್ಯಾಕ್ಟೀರಿಯಾ ಹರಡಿದಾಗ ನುರ್ಮಿ ಮತ್ತು ರಂಟಾಲ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ ನೋಡಿದರು. ದೊಡ್ಡ ಕೋಳಿಯ ಕರುಳಿನ ದ್ರವವನ್ನು ಹೊಸ ಮರಿಗಳಿಗೆ ಕುಡಿಸಿದರೆ ಸಾಲ್ಮೊನೆಲ್ಲಾ ಅಷ್ಟು ಸುಲಭವಾಗಿ ನೆಲೆಯೂರುವುದಿಲ್ಲ ಎಂದು 1973ರಲ್ಲಿ ಪ್ರಕಟಿಸಿದರು. ಜಾಗ ಮೊದಲೇ ಭರ್ತಿಯಾದರೆ ಆಮೇಲೆ ಬಂದವರಿಗೆ ಜಾಗವಿಲ್ಲ, ಅಷ್ಟೇ.

ಹಾಗಾಗಿ ಪ್ರೋಬಯಾಟಿಕ್ ಕೊಡುವುದಾದರೆ ಮರಿ ಬಂದ ದಿನದಿಂದಲೇ ಕೊಡಿ. 25ನೇ ದಿನ ತೂಕ ಕಡಿಮೆ ಬಂತು ಅಂತ ಶುರುಮಾಡಿದರೆ ಲಾಭ ತೀರಾ ಕಡಿಮೆ. ಬಿಸಿ ಮಾಡಿ ಗುಳಿಗೆ ಕಟ್ಟಿದ ಪೆಲೆಟ್ ಫೀಡಿಗೆ ಹಾಕುವುದಾದರೆ ಬ್ಯಾಸಿಲಸ್ ಜಾತಿಯದ್ದೇ ಬೇಕು. ಅದು ಬೀಜಕದ ರೂಪದಲ್ಲಿರುವುದರಿಂದ ಪೆಲೆಟ್ ಮಿಲ್ಲಿನ ಬಿಸಿಯನ್ನು ತಡೆಯುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಆ ಬಿಸಿಗೆ ಸಾಯುತ್ತದೆ, ಅದನ್ನು ನೀರಿನಲ್ಲಿ ಕೊಡಬೇಕು. ನೀರಿನಲ್ಲಿ ಕೊಡುವಾಗ ಕ್ಲೋರಿನ್ ನಿಲ್ಲಿಸಬೇಕು. ಲಸಿಕೆ ಹಾಕುವಾಗ ಇದನ್ನು ಎಲ್ಲರೂ ನೆನಪಿಡುತ್ತಾರೆ, ಪ್ರೋಬಯಾಟಿಕ್ ಹಾಕುವಾಗ ಮರೆಯುತ್ತಾರೆ. ಇನ್ನು ಕೆಲವು ಕಡೆ ಬೆಳಿಗ್ಗೆಯ ನೀರಿಗೆ ಆ್ಯಂಟಿಬಯಾಟಿಕ್, ಸಂಜೆಯ ನೀರಿಗೆ ಪ್ರೋಬಯಾಟಿಕ್ ಹಾಕುತ್ತಾರೆ. ಬೆಳಿಗ್ಗೆಯ ಔಷಧ ಸಂಜೆಯ ಹೊತ್ತಿಗೂ ಕರುಳಿನಲ್ಲಿ ಇರುತ್ತದೆ ಅಲ್ವಾ? ಕೋರ್ಸ್ ಮುಗಿದ ಮೇಲೆ ಕೊಡಿ, ಆಗ ಅದಕ್ಕೆ ಬೆಲೆ.

ಆ್ಯಂಟಿಬಯಾಟಿಕ್ ವಿಚಾರಕ್ಕೆ ಬಂದರೆ, ಬಹಳ ವರ್ಷ ಕರುಳಿನ ತೊಂದರೆಗಳನ್ನೆಲ್ಲ ಮುಚ್ಚಿಟ್ಟದ್ದು ಅದೇ. ರೋಗ ಇಲ್ಲದಿದ್ದರೂ ಫೀಡಿನಲ್ಲಿ ಸಣ್ಣ ಪ್ರಮಾಣದಲ್ಲಿ ಹಾಕಿದರೆ ಕೋಳಿ ಬೇಗ ಬೆಳೆಯುತ್ತಿತ್ತು. ಸ್ವೀಡನ್ 1986ರಲ್ಲೇ ಇದನ್ನು ನಿಲ್ಲಿಸಿತು. ಇಡೀ ಯುರೋಪಿಯನ್ ಒಕ್ಕೂಟ 2006ರ ಜನವರಿಯಿಂದ ನಿಲ್ಲಿಸಿತು. ನಮ್ಮಲ್ಲಿ 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೋಲಿಸ್ಟಿನ್ ಔಷಧವನ್ನು ಕೋಳಿ, ಮೀನು ಮತ್ತು ಇತರ ಆಹಾರದ ಪ್ರಾಣಿಗಳಿಗೆ ಬಳಸದಂತೆ ನಿಷೇಧಿಸಿತು. ಕಾರಣ ಗಂಭೀರ. ಆಸ್ಪತ್ರೆಯ ಐಸಿಯುನಲ್ಲಿ ಬೇರೆ ಯಾವ ಔಷಧವೂ ಕೆಲಸ ಮಾಡದಿದ್ದಾಗ ಮನುಷ್ಯರಿಗೆ ಕೊಡುವ ಕೊನೆಯ ಔಷಧಗಳಲ್ಲಿ ಅದೂ ಒಂದು. ಈ ನಿಷೇಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದಾದ ಮೇಲೆ “ಕೋಲಿಸ್ಟಿನ್ ಬದಲಿಗೆ ಯಾವುದು?” ಅಂತ ಒಂದೇ ಡಬ್ಬಿ ಹುಡುಕುವುದು ಶುರುವಾಯಿತು. ಅಂಥ ಒಂದು ಡಬ್ಬಿ ಇಲ್ಲ. ಒಣ ಲಿಟರ್, ಶುದ್ಧ ನೀರು, ಬೂಷ್ಟು ಹಿಡಿಯದ ಕಾಳು ಇವು ಇದ್ದರೆ ಮಾತ್ರ ಉಳಿದದ್ದು ಸಹಾಯಕ್ಕೆ ಬರುತ್ತದೆ.

ಬೂಷ್ಟಿನ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಎಷ್ಟೋ ವರ್ಷ ಹಿಂಗಾರು ಮಳೆ ಬಿಡುವುದಿಲ್ಲ. ರಸ್ತೆ ಮೇಲೆ ಒಣಗಿಸಿದ ಕಾಳು ಅರ್ಧ ಒಣಗಿ, ಅರ್ಧ ಹಸಿಯಾಗಿ ಚೀಲ ಸೇರುತ್ತದೆ. ತೇವ ಶೇ. 14 ದಾಟಿದ ಕಾಳಿನಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಅಫ್ಲಾಟಾಕ್ಸಿನ್ ವಿಷ ಹುಟ್ಟುತ್ತದೆ. ಈ ವಿಷ ಜಗತ್ತಿಗೆ ಗೊತ್ತಾದದ್ದೇ 1960ರಲ್ಲಿ, ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದು 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ. ಕಡಿಮೆ ಪ್ರಮಾಣದಲ್ಲಿ ಇದ್ದರೆ ಕೋಳಿ ಸಾಯುವುದಿಲ್ಲ. ಲಿವರ್ ಕೆಡುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಹಾಕಿದ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ.

ಟಾಕ್ಸಿನ್ ಬೈಂಡರ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಬೆಂಟೊನೈಟ್ ಜೇಡಿಮಣ್ಣು ಕರುಳಿನೊಳಗೇ ಅಫ್ಲಾಟಾಕ್ಸಿನ್ ಅನ್ನು ಹಿಡಿದುಕೊಂಡು ಹಿಕ್ಕೆಯಲ್ಲಿ ಹೊರಗೆ ಕಳಿಸುತ್ತದೆ. ಆದರೆ ಬಾಯಿ ಹುಣ್ಣು ತರಿಸುವ ಟಿ-2 ಟಾಕ್ಸಿನ್ ಇದರ ಕೈಗೆ ಸಿಗುವುದು ಕಷ್ಟ. ಮೂತ್ರಪಿಂಡ ಕೆಡಿಸುವ ಓಕ್ರಾಟಾಕ್ಸಿನ್ ಮೇಲೂ ಅದರ ಹಿಡಿತ ದುರ್ಬಲ. ಜೇಡಿಮಣ್ಣಿನ ಬೈಂಡರ್ ಹಾಕಿಯೂ ಕೋಳಿಗಳ ಬಾಯಲ್ಲಿ ಹುಣ್ಣು ಕಂಡರೆ ಡೋಸ್ ಜಾಸ್ತಿ ಮಾಡುವುದು ದಾರಿಯಲ್ಲ, ಆ ಲಾಟಿನ ಕಾಳನ್ನೇ ಬದಲಾಯಿಸಬೇಕು. ಸ್ವಂತ ಫೀಡ್ ಮಿಲ್ ಇರುವ ಲೇಯರ್ (ಮೊಟ್ಟೆ ಕೋಳಿ) ಫಾರಂನವರು ಒಂದು ತೇವಾಂಶ ಮೀಟರ್ ಕೊಂಡುಕೊಳ್ಳಲಿ. ಯಾವ ಲಿವರ್ ಟಾನಿಕ್‌ಗಿಂತಲೂ ಅದು ಹೆಚ್ಚು ಲಿವರ್ ಉಳಿಸುತ್ತದೆ.

ಎಂಜೈಮುಗಳ ಕೆಲಸ ಬೇರೆ. ಕಾಳು ಮತ್ತು ಹಿಂಡಿಯಲ್ಲಿರುವ ರಂಜಕದ ಸುಮಾರು ಮೂರನೇ ಎರಡು ಭಾಗ ಫೈಟೇಟ್ ರೂಪದಲ್ಲಿ ಸಿಕ್ಕಿಕೊಂಡಿರುತ್ತದೆ, ಕೋಳಿ ತಾನೇ ಅದನ್ನು ಬಿಡಿಸಿಕೊಳ್ಳಲಾರದು. ಫೈಟೇಸ್ ಎಂಜೈಮ್ ಬಿಡಿಸಿಕೊಡುತ್ತದೆ. ಅದನ್ನು ನಂಬಿ ಫಾರ್ಮುಲಾದಲ್ಲಿ ರಂಜಕಕ್ಕಾಗಿ ಹಾಕುವ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಕಡಿಮೆ ಮಾಡುತ್ತಾರೆ. ಎಂಜೈಮ್ ಹಳೆಯದಾಗಿದ್ದರೆ, ಬಿಸಿಲಿನ ಗೋಡೌನಿನಲ್ಲಿ ಬಿದ್ದಿದ್ದರೆ, ಪೆಲೆಟ್ ಬಿಸಿಗೆ ಸತ್ವ ಕಳೆದುಕೊಂಡಿದ್ದರೆ, ಮೂಳೆಗೆ ರಂಜಕ ಎಲ್ಲಿಂದ ಬರಬೇಕು? ಮೂರನೇ ವಾರಕ್ಕೆ ಕುಂಟುವ ಕೋಳಿ ಜಾಸ್ತಿಯಾದರೆ ನಾನು ಈ ಕಡೆಯೂ ನೋಡುತ್ತೇನೆ. ಗೋಧಿ, ಅಕ್ಕಿ ತೌಡು ಜಾಸ್ತಿ ಹಾಕುವವರಿಗೆ ಕ್ಸೈಲನೇಸ್ ಬೇಕಾಗುತ್ತದೆ. ಮುಖ್ಯವಾಗಿ ಗೋಧಿಯ ನಾರು ಕರುಳಿನಲ್ಲಿ ಅಂಟಂಟಾಗಿ, ಹಿಕ್ಕೆಯೂ ಅಂಟಾಗಿ ಲಿಟರ್ ಕೆಡಿಸುತ್ತದೆ. ಕ್ಸೈಲನೇಸ್ ಆ ನಾರನ್ನು ತುಂಡು ಮಾಡುತ್ತದೆ.

ಇನ್ನೊಂದು ಅಡಿಟಿವ್ ಬ್ಯುಟಿರೇಟ್, ಅದು ಕರುಳಿನ ಗೋಡೆಯ ಜೀವಕೋಶಗಳಿಗೆ ನೇರ ಆಹಾರ. ಲೇಪನ ಇರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಅದು ಕರುಳಿನ ಕೆಳಭಾಗಕ್ಕೆ ಮುಟ್ಟುವ ಮೊದಲೇ ಖರ್ಚಾಗುತ್ತದೆ. ಓಮದಲ್ಲಿರುವ ಥೈಮಾಲ್ ಹಾನಿಕರ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ ಎಂಬುದು ನಿಜ. ಆದರೆ ಓಮದ ಕಾಳಿನಲ್ಲಿ ಥೈಮಾಲ್ ಪ್ರಮಾಣ ಬೆಳೆಯಿಂದ ಬೆಳೆಗೆ ಬದಲಾಗುತ್ತದೆ. ಪುಡಿ ಮಾಡಿ ಹಾಕಿ ಪ್ರತಿ ಬ್ಯಾಚಿನಲ್ಲೂ ಒಂದೇ ಫಲ ಬರಲಿ ಅಂತ ಕಾಯುವಂತಿಲ್ಲ.

ರಕ್ತಭೇದಿಯನ್ನು, ಅಂದರೆ ಕಾಕ್ಸಿಡಿಯೋಸಿಸ್ ಅನ್ನು, ಬಿಟ್ಟು ಕರುಳಿನ ಮಾತು ಮುಗಿಯುವುದಿಲ್ಲ. ಐಮೀರಿಯಾ ಎಂಬ ಪರೋಪಜೀವಿ ಕರುಳಿನ ಗೋಡೆ ಕೊರೆಯುತ್ತದೆ. ಗಾಯದಿಂದ ಸೋರುವ ಪ್ರೋಟೀನ್ ತಿಂದು ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಸತ್ತ ಕೋಳಿ ಕೊಯ್ದು ನೋಡಿದರೆ ಕರುಳಿನ ಒಳಭಾಗ ಒರಟು ಟರ್ಕಿ ಟವೆಲ್ಲಿನ ಹಾಗೆ ಕಾಣುತ್ತದೆ. ಹಿಕ್ಕೆಯಲ್ಲಿ ಬಿದ್ದ ಐಮೀರಿಯಾ ಮೊಟ್ಟೆ ಸೋಂಕು ತಗಲಿಸುವ ಹಂತಕ್ಕೆ ಬರಲು ತೇವ ಬೇಕೇ ಬೇಕು. ಸೋರುವ ಒಂದು ನಿಪ್ಪಲ್ (ಕೋಳಿ ನೀರು ಕುಡಿಯುವ ತೊಟ್ಟು) ಸಾಕು. ಗುತ್ತಿಗೆ ಸಾಕಣೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಫೀಡಿನಲ್ಲಿ ಏನಿದೆ ಅಂತ ತೀರ್ಮಾನಿಸುವುದು ಕಂಪನಿ. ನಿಪ್ಪಲ್ ಎತ್ತರ, ನೀರಿನ ಒತ್ತಡ, ಲಿಟರ್ ತಿರುವುವುದು, ಪೈಪ್ ಒಳಗಿನ ಲೋಳೆ ತೆಗೆಯುವುದು ನಿಮ್ಮ ಕೈಯಲ್ಲಿದೆ.

ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ಬೇಸಿಗೆಯಲ್ಲಿ ಲೆಕ್ಕ ಇನ್ನೊಂದು. ಕೋಳಿಗೆ ಬೆವರು ಗ್ರಂಥಿ ಇಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ತಣ್ಣಗಾಗಬೇಕು. ಹಾಗೆ ಉಸಿರಾಡುವಾಗ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಹೋಗಿ ರಕ್ತದ ಕ್ಷಾರತೆ ಏರುತ್ತದೆ. ಲೇಯರ್‌ಗಳಲ್ಲಿ ಮೊಟ್ಟೆ ಚಿಪ್ಪು ತೆಳುವಾಗುವುದಕ್ಕೆ ಇದೂ ಒಂದು ಕಾರಣ. ರಕ್ತ ಚರ್ಮದ ಕಡೆ ಹರಿದು ಕರುಳಿಗೆ ಕಡಿಮೆಯಾಗುತ್ತದೆ, ಕರುಳಿನ ಗೋಡೆ ಸಡಿಲವಾಗಿ ಬ್ಯಾಕ್ಟೀರಿಯಾ ಒಳಗೆ ನುಸುಳುತ್ತವೆ. ಈ ಹೊತ್ತಿನಲ್ಲಿ ಅಡುಗೆ ಸೋಡಾ, ಎಲೆಕ್ಟ್ರೊಲೈಟ್, ವಿಟಮಿನ್ ಸಿ, ಬೀಟೇನ್ ನೆರವಾಗುತ್ತವೆ. ವಿಟಮಿನ್ ಸಿ ಕೋಳಿಯ ದೇಹದಲ್ಲೇ ತಯಾರಾಗುತ್ತದೆ, ಆದರೆ ಬಿಸಿಲಿನ ದಿನಗಳಲ್ಲಿ ಅದು ಸಾಲುವುದಿಲ್ಲ. ಸೋಡಾ ಹಾಕುವಾಗ ಫೀಡಿನ ಉಪ್ಪಿನ ಲೆಕ್ಕ ನೋಡಲೇಬೇಕು. ಸೋಡಿಯಂ ಜಾಸ್ತಿಯಾದರೆ ಕೋಳಿ ನೀರು ಜಾಸ್ತಿ ಕುಡಿಯುತ್ತದೆ, ಮತ್ತೆ ಲಿಟರ್ ಒದ್ದೆ. ಟ್ಯಾಂಕಿನ ನೀರೇ ಕೈಗೆ ಬಿಸಿ ಅನ್ನಿಸುವಾಗ ಮಾತ್ರ ಇವು ಯಾವುದೂ ಸಾಲುವುದಿಲ್ಲ. ಮೊದಲು ಟ್ಯಾಂಕಿಗೆ ನೆರಳು ಮಾಡಿ.

ಹೊಸ ಅಡಿಟಿವ್ ತಂದವರು ಕೇಳುತ್ತಾರೆ, ಕೆಲಸ ಮಾಡಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಒಂದೇ ಅಳತೆಯ ಎರಡು ಶೆಡ್ ಇದ್ದರೆ ಒಂದೇ ದಿನ, ಒಂದೇ ಹ್ಯಾಚರಿಯಿಂದ ಬಂದ ಮರಿ ಬಿಡಿ. ಒಂದು ಶೆಡ್ಡಿಗೆ ಮಾತ್ರ ಹಾಕಿ, ಉಳಿದದ್ದೆಲ್ಲ ಒಂದೇ ಇರಲಿ. 28ನೇ ದಿನ ಎರಡೂ ಕಡೆ ಬೇರೆ ಬೇರೆ ಮೂಲೆಗಳಿಂದ 50-50 ಕೋಳಿ ಹಿಡಿದು ಎರಡೂ ಅಂಗಾಲು ನೋಡಿ. ಗಾಯ ಇಲ್ಲದ್ದು, ಸಣ್ಣ ಗಾಯ, ದೊಡ್ಡ ಗಾಯ ಅಂತ ಬರೆದುಕೊಳ್ಳಿ. ತೂಕದ ಜೊತೆ ಇದನ್ನೂ ಇಟ್ಟು ನೋಡಿ. ಮುಂದಿನ ಬ್ಯಾಚಿಗೆ ಶೆಡ್ ಅದಲು ಬದಲು ಮಾಡಿ ಮತ್ತೊಮ್ಮೆ ಮಾಡಿ. ಮೊದಲ ಸಲ ಕಂಡ ವ್ಯತ್ಯಾಸ ಆ ಶೆಡ್ಡಿನ ಗಾಳಿಯದ್ದೂ ಆಗಿರಬಹುದು.