14 ಪಂದ್ಯ ಗೆದ್ದೂ ಐದನೇ ಸ್ಥಾನ ಯಾಕೆ?

ಓದುಗರ ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್‌ನ 2024ರ ಪಟ್ಟಿಯಲ್ಲಿ 14 ಪಂದ್ಯ ಗೆದ್ದ ಮಿನೆಸೋಟ ವೈಕಿಂಗ್ಸ್‌ಗೆ ಐದನೇ ಸ್ಥಾನ, 10 ಗೆದ್ದ ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ನಾಲ್ಕನೇದು. ಇದೇನು ಲೆಕ್ಕ?

ಲೆಕ್ಕ ಸರಿಯಾಗಿಯೇ ಇದೆ. ನಾವು ಐಪಿಎಲ್ ನೋಡಿ ಬೆಳೆದವರು. ಹತ್ತು ತಂಡ, ಒಂದೇ ಪಟ್ಟಿ, ಮೇಲಿನ ನಾಲ್ವರು ಒಳಗೆ. ಅದೇ ಕಣ್ಣಲ್ಲಿ ಇದನ್ನು ನೋಡಿದರೆ ತಲೆ ಕೆಡುತ್ತದೆ.

ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು. ಎಎಫ್‌ಸಿ, ಎನ್‌ಎಫ್‌ಸಿ ಅಂತ ಎರಡು ಕಾನ್ಫರೆನ್ಸ್, ಅಂದರೆ ಎರಡು ದೊಡ್ಡ ಗುಂಪು. ಒಂದೊಂದರಲ್ಲೂ ನಾಲ್ಕು ಡಿವಿಷನ್, ಪ್ರತಿ ಡಿವಿಷನ್‌ನಲ್ಲಿ ನಾಲ್ಕು ತಂಡ. ಪ್ಲೇಆಫ್‌ಗೆ ಪ್ರತಿ ಕಾನ್ಫರೆನ್ಸ್‌ನಿಂದ ಏಳು ತಂಡ ಹೋಗುತ್ತವೆ. ಮೊದಲ ನಾಲ್ಕು ಸ್ಥಾನ ಡಿವಿಷನ್ ಗೆದ್ದವರಿಗೇ ಮೀಸಲು. ಉಳಿದ ಮೂರು ವೈಲ್ಡ್ ಕಾರ್ಡ್, ಅಂದರೆ ಡಿವಿಷನ್ ಗೆಲ್ಲದವರಲ್ಲಿ ಹೆಚ್ಚು ಗೆದ್ದವರಿಗೆ. ವೈಕಿಂಗ್ಸ್ ಇದ್ದ ಡಿವಿಷನ್‌ನಲ್ಲಿ ಡೆಟ್ರಾಯ್ಟ್ ಲಯನ್ಸ್ 15 ಗೆದ್ದುಬಿಟ್ಟಿತು. ಅಲ್ಲಿಗೆ ವೈಕಿಂಗ್ಸ್‌ಗೆ ಸಿಗಬಹುದಾದ ಒಳ್ಳೆಯ ಜಾಗವೇ ಐದನೇದು. ಲಯನ್ಸ್‌ಗೆ ಮಾತ್ರ ಮೊದಲ ಸ್ಥಾನ, ಜೊತೆಗೆ ಮೊದಲ ಸುತ್ತು ಆಡದೆಯೇ ಮುಂದಕ್ಕೆ.

ಇದು ಅನ್ಯಾಯ ಅಲ್ವಾ? ಮೊದಲ ನೋಟಕ್ಕೆ ಹೌದು. ಆದರೆ ವೇಳಾಪಟ್ಟಿ ನೋಡಿ. ಒಂದು ತಂಡ ಆಡುವುದು 17 ಪಂದ್ಯ. ಅದರಲ್ಲಿ ಆರು ತನ್ನದೇ ಡಿವಿಷನ್‌ನ ಮೂವರ ಜೊತೆ, ತಲಾ ಎರಡು ಸಲ. ಇನ್ನೆಂಟು ಬೇರೆ ಎರಡು ಡಿವಿಷನ್‌ಗಳ ವಿರುದ್ಧ, ಡಿವಿಷನ್‌ನ ಉಳಿದ ಮೂವರಿಗೂ ಅವೇ ಎದುರಾಳಿಗಳು. ಬೇರೆಯಾಗುವುದು ಮೂರೇ ಪಂದ್ಯ. ಅಂದರೆ ಒಂದು ಡಿವಿಷನ್‌ನ ನಾಲ್ವರು ಬರೆಯುವುದು ಹೆಚ್ಚುಕಡಿಮೆ ಒಂದೇ ಪರೀಕ್ಷೆ. ಬೇರೆ ಡಿವಿಷನ್‌ನವರ ಪ್ರಶ್ನೆಪತ್ರಿಕೆಯೇ ಬೇರೆ. ಹಾಗಾಗಿ 14 ಮತ್ತು 10ನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಪೂರ್ತಿ ನ್ಯಾಯ ಸಿಗುವುದಿಲ್ಲ.

ಹಾಗಂತ ನೋವಿನ ಕಥೆಗಳು ಇಲ್ಲದಿಲ್ಲ. 2008ರಲ್ಲಿ, ಆಗ 16 ಪಂದ್ಯ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 11 ಗೆದ್ದೂ ಮನೆಗೆ ಹೋಯಿತು. ಡಿವಿಷನ್‌ನಲ್ಲಿ ಮಯಾಮಿ, ವೈಲ್ಡ್ ಕಾರ್ಡ್‌ಗೆ ಬಾಲ್ಟಿಮೋರ್, ಇಬ್ಬರೂ 11 ಗೆದ್ದಿದ್ದರು. ಗೆಲುವು ಸಮ ಆದರೆ ಐಪಿಎಲ್‌ನ ನೆಟ್ ರನ್‌ರೇಟ್ ತರಹ ಅಂಕದ ಅಂತರ ಇಲ್ಲಿ ಮೊದಲು ಬರುವುದಿಲ್ಲ. ಡಿವಿಷನ್ ಒಳಗಿನ ಸಮಬಲವಾದರೆ ಮೊದಲು ಪರಸ್ಪರ ಪಂದ್ಯ, ಆಮೇಲೆ ಡಿವಿಷನ್ ಒಳಗಿನ ಸಾಧನೆ, ಇಬ್ಬರೂ ಎದುರಿಸಿದ ತಂಡಗಳ ವಿರುದ್ಧದ ಸಾಧನೆ, ನಂತರ ಕಾನ್ಫರೆನ್ಸ್ ಒಳಗಿನದು. ಏನೂ ಬಗೆಹರಿಯದಿದ್ದರೆ ಕೊನೆಗೆ ನಾಣ್ಯ! ಪೇಟ್ರಿಯಟ್ಸ್ ಎರಡೂ ಕಡೆ ಸೋತದ್ದು ಕಾನ್ಫರೆನ್ಸ್ ಸಾಧನೆಯಲ್ಲಿ. ಅದೇ ವರ್ಷ ಎಂಟು ಗೆದ್ದು ಎಂಟು ಸೋತ ಸ್ಯಾನ್ ಡಿಯೇಗೊ ಚಾರ್ಜರ್ಸ್ ತನ್ನ ಡಿವಿಷನ್ ಗೆದ್ದು ಒಳಗೆ ಬಂತು. ಬಂದದ್ದಷ್ಟೇ ಅಲ್ಲ, 12 ಗೆದ್ದಿದ್ದ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಅನ್ನು ತನ್ನ ತವರಿಗೆ ಕರೆಸಿಕೊಂಡು ಸೋಲಿಸಿತು.

ನನಗೆ ಇನ್ನೂ ಇಷ್ಟವಾದದ್ದು 2010ರ ಸಿಯಾಟಲ್ ಸೀಹಾಕ್ಸ್. ಏಳು ಗೆಲುವು, ಒಂಬತ್ತು ಸೋಲು, ಆದರೂ ಡಿವಿಷನ್ ವಿಜೇತ. ತಲಾ 10 ಗೆದ್ದಿದ್ದ ನ್ಯೂಯಾರ್ಕ್ ಜೈಂಟ್ಸ್, ಟ್ಯಾಂಪಾ ಬೇ ಬಕನೀರ್ಸ್ ಹೊರಗೆ. ಎಲ್ಲರೂ ನಕ್ಕರು. ಸಿಯಾಟಲ್‌ಗೆ ಬಂದದ್ದು ಹಿಂದಿನ ವರ್ಷದ ಚಾಂಪಿಯನ್ ನ್ಯೂ ಆರ್ಲಿಯನ್ಸ್ ಸೇಂಟ್ಸ್. ಸೀಹಾಕ್ಸ್ 41–36ರಿಂದ ಗೆದ್ದಿತು. ಮಾರ್ಶಾನ್ ಲಿಂಚ್ 67 ಗಜ ಓಡಿದಾಗ ಜನ ಕುಣಿದ ಕುಣಿತ ಹತ್ತಿರದ ಭೂಕಂಪ ಮಾಪಕದಲ್ಲಿ ದಾಖಲಾಯಿತು.

ನನ್ನ ಅಭಿಪ್ರಾಯ ಕೇಳಿದರೆ, ಡಿವಿಷನ್ ಗೆದ್ದವರನ್ನು ಒಳಗೆ ಬಿಡುವುದು ಸರಿ. ಆದರೆ ಮೇಲಿನ ನಾಲ್ಕು ಸ್ಥಾನದ ಜೊತೆಗೆ ತವರು ಪಂದ್ಯವನ್ನೂ ಕೊಡುವುದು ಸ್ವಲ್ಪ ಜಾಸ್ತಿಯಾಯಿತು. 2025ರಲ್ಲಿ ಇದನ್ನೇ ಬದಲಿಸಿ, ಗೆಲುವಿನ ಲೆಕ್ಕದಲ್ಲೇ ಸ್ಥಾನ ಕೊಡಿ ಅಂತ ಒಂದು ತಂಡ ಲೀಗ್ ಮುಂದೆ ಪ್ರಸ್ತಾಪ ಇಟ್ಟಿತು. ವೈಕಿಂಗ್ಸ್ ಅಲ್ಲ, ಲಯನ್ಸ್! ಸಾಕಷ್ಟು ಬೆಂಬಲ ಸಿಗದೆ ಅದನ್ನು ವಾಪಸ್ ತೆಗೆದುಕೊಂಡಿತು.